ಅತ್ತೆಯ ಎಡಗಣ್ಣು ಕಂಡ ದೀಪ

ಆ ಶುಕ್ರವಾರ ಬೆಳಿಗ್ಗೆ ನಾನು ಹಿತ್ತಿಲ ಕಟ್ಟೆಯ ಮೇಲೆ ಕೂತು ಕಳಲೆ ಹೆಚ್ಚುತ್ತಿದ್ದೆ. ಎಳೆ ಬಿದಿರನ್ನು ಸಣ್ಣಗೆ ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಯಿಡದಿದ್ದರೆ ಅದು ತಿನ್ನುವ ಹಾಗಿಲ್ಲ. ಅರ್ಧ ಹೆಚ್ಚಿರಬೇಕು, ಫೋನ್ ಬಂತು. ಮಡಿಕೇರಿಯ ಕಣ್ಣಾಸ್ಪತ್ರೆಯಿಂದ ಒಬ್ಬ ಹುಡುಗಿ ಮಾತಾಡಿದಳು. ನಾಳೆ ಪರೀಕ್ಷೆಗೆ ಬರಬೇಕಿದ್ದವರೊಬ್ಬರು ಬರುತ್ತಿಲ್ಲ, ಆ ಹೊತ್ತಿಗೆ ನಿಮ್ಮ ಅತ್ತೆಯವರನ್ನು ಕರೆದುಕೊಂಡು ಬರುತ್ತೀರಾ, ಇಲ್ಲದಿದ್ದರೆ ಇನ್ನು ಒಂದೂವರೆ ತಿಂಗಳು ಕಾಯಬೇಕಾಗುತ್ತದೆ ಎಂದಳು. ಬರುತ್ತೇವೆ ಎಂದೆ. ನಾಳೆ ಶನಿವಾರ ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ನಾನು ದೇವರನ್ನು ನಂಬುವವಳು. ಬೆಳಿಗ್ಗೆ ಎದ್ದು ಹೊಸಿಲು ತೊಳೆದು ದೀಪ ಹಚ್ಚದೆ ಕಾಫಿ ಕುಡಿದವಳಲ್ಲ. ಆದರೆ ಅವರಿಗೆ ಏನೋ ಕಂಡಿತಂತೆ, ಇವರ ಹತ್ತಿರ ಯಾರೋ ಬಂದು ನಿಂತರಂತೆ ಎನ್ನುವ ಮಾತನ್ನು ಯಾವತ್ತೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮ ಬೀದಿಯಲ್ಲಿ ಹೆಂಗಸರು ಅಂಥ ಕಥೆ ತೆಗೆದರೆ, ‘ನಿಮಗೆ ಕೆಲಸ ಕಮ್ಮಿಯಾಗಿದೆ’ ಎಂದು ಎದ್ದು ಬಂದುಬಿಡುತ್ತಿದ್ದೆ. ಈಗಲೂ ಅಂಥ ಕಥೆಗಳನ್ನು ನಂಬುವುದಿಲ್ಲ. ಇದೊಂದನ್ನು ಮಾತ್ರ ಏನೆಂದು ಕರೆಯಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಮಾವನವರು ಅರಕಲಗೂಡಿನ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ನೆಲೆಸಿದವರು. ಅತ್ತೆಯ ಹೆಸರು ಪುಟ್ಟಮ್ಮ. ಇಪ್ಪತ್ತಾರು ವರ್ಷ ಅವರು ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸ ಮಾಡಿದ್ದರು. ಸಾಲಾಗಿ ಕೂತ ಹೆಂಗಸರ ಮುಂದೆ ತಟ್ಟೆಯ ತುಂಬ ಬೀಜ ಸುರಿಯುತ್ತಾರೆ. ಕರಿ ಬೀಜ, ಒಡಕು ಬೀಜ, ಹುಳ ಹೊಡೆದದ್ದು ಎಲ್ಲವನ್ನೂ ಕೈಯಲ್ಲಿ ಎತ್ತಿ ಬೇರೆ ಹಾಕಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೆಲಸದಿಂದ ಬಂದರೆ ಸೆರಗಿನಲ್ಲಿ ಗೋಣಿಯ ವಾಸನೆ, ಹಸಿ ಕಾಫಿಬೀಜದ ವಾಸನೆ ಇರುತ್ತಿತ್ತು. ಮನೆಯಲ್ಲಿ ಅಕ್ಕಿ ಆರಿಸುವಾಗ ನಾನು ಒಂದು ಮೊರ ಮುಗಿಸುವಷ್ಟರಲ್ಲಿ ಅವರು ಮೂರು ಮುಗಿಸುತ್ತಿದ್ದರು. ‘ನೀನು ಅಕ್ಕೀನ ನೋಡ್ತೀಯ ಕಣವ್ವ, ಕಲ್ಲನ್ನ ನೋಡು’ ಎನ್ನುತ್ತಿದ್ದರು. ಅಂಥ ಕಣ್ಣು.

ಆ ಕಣ್ಣು ಹೋಗುತ್ತಿರುವುದು ನಮಗೆ ಯಾರಿಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಳ್ಳುತ್ತಿದ್ದರು, ಸಾರನ್ನು ತಟ್ಟೆಯ ಪಕ್ಕಕ್ಕೆ ಬಡಿಸುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆವು. ಕೊನೆಗೆ ತೋರಿಸಿದಾಗ ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಾ ಬರುತ್ತದಂತೆ. ಇಲಿ ರೊಟ್ಟಿಯ ಅಂಚು ಕಡಿದ ಹಾಗೆ ನೋಟ ಸುತ್ತಲಿಂದ ಒಳಗೆ ಸವೆಯುತ್ತದೆ. ಎಡಗಣ್ಣು ಆಗಲೇ ಪೂರ್ತಿ ಹೋಗಿತ್ತು, ಟಾರ್ಚ್ ಬಿಟ್ಟರೂ ಬೆಳಕು ಗೊತ್ತಾಗುತ್ತಿರಲಿಲ್ಲ. ಬಲಗಣ್ಣಿನಲ್ಲಿ ನಡುಮಧ್ಯದ ಒಂದಿಷ್ಟು ಉಳಿದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ದಿನಕ್ಕೆರಡು ಸಲ ಎರಡೂ ಕಣ್ಣಿಗೆ ತಪ್ಪದೆ ಹನಿ ಹಾಕಬೇಕು ಎಂದು ಔಷಧ ಬರೆದುಕೊಟ್ಟರು.

ಒಂದು ವರ್ಷ ಹಾಕಿದೆವು. ಆಸ್ಪತ್ರೆಗೆ ಹೋಗುತ್ತಿದ್ದದ್ದು ಗುರುವಾರ. ಪ್ರತಿ ಸಲವೂ ಒತ್ತಡ ಸರಿಯಾಗಿಯೇ ಇರುತ್ತಿತ್ತು. ಆದರೂ ಬಲಗಣ್ಣಿನ ನೋಟ ಸವೆಯುವುದು ನಿಲ್ಲಲಿಲ್ಲ. ಡಾಕ್ಟರಮ್ಮನಿಗೆ ತಲೆಬಿಸಿಯಾಗಿತ್ತು. ಆಪರೇಷನ್ ಮಾಡಿ ಒತ್ತಡವನ್ನು ಇನ್ನೂ ಇಳಿಸಬಹುದು, ಆದರೆ ಈ ವಯಸ್ಸಿನಲ್ಲಿ, ಇರುವುದೊಂದೇ ಕಣ್ಣಿಗೆ ಕತ್ತಿ ಹಾಕುವ ಮೊದಲು ಅದರಲ್ಲಿ ಎಷ್ಟು ಜೀವ ಉಳಿದಿದೆ ನೋಡಬೇಕು ಎಂದರು. ಕಣ್ಣಿನ ಹಿಂದಿನ ಪರದೆಗೆ ರೆಟಿನಾ ಎನ್ನುತ್ತಾರಲ್ಲ, ಬೆಳಕು ಬಿದ್ದಾಗ ಅದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದಂತೆ. ಅದನ್ನು ಅಳೆಯುವ ಯಂತ್ರ ಆಸ್ಪತ್ರೆಗೆ ಬಂದಿತ್ತು. ಗ್ಲಾಕೋಮಾ ಇದ್ದವರಲ್ಲಿ ಆ ಕರೆಂಟ್ ಹೇಗೆ ಬದಲಾಗುತ್ತದೆ ಎಂದು ಡಾಕ್ಟರಮ್ಮ ನೋಡುತ್ತಿದ್ದರು. ನಮ್ಮನೆಯವರು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು, ಕೇಳಿ ಖುಷಿಪಟ್ಟರು. ‘ಟೆಸ್ಟರ್ ಇಟ್ಟು ನೋಡ್ತಾರೆ ಅನ್ನು. ಲೈನ್ ಜೀವಂತ ಐತಾ ಇಲ್ವಾ ಗೊತ್ತಾಗುತ್ತೆ.’

ಅತ್ತೆಗೆ ಆಪರೇಷನ್ ಎಂದರೆ ಪ್ರಾಣ ಹೋದಷ್ಟು ಭಯ. ‘ಉಳಿದಿರೋ ಒಂದನ್ನೂ ಕುಯ್ದು ಕಳೀತಾರೆ’ ಎಂದು ಒಂದೇ ಹಟ. ಇನ್ನಷ್ಟು ದಿನ ಹೀಗೇ ಬಿಟ್ಟರೆ ಆ ಒಂದೂ ತಾನಾಗಿಯೇ ಹೋಗುತ್ತಿತ್ತು. ನಮ್ಮ ಎದುರಿಗಿದ್ದದ್ದು ಅಷ್ಟೇ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ಆನೆಕಾಡು ದಾಟಿ ಸುಂಟಿಕೊಪ್ಪ ಬರುವ ತನಕ ಅತ್ತೆ ತಿರುವಿನಲ್ಲೆಲ್ಲ ನನ್ನ ಕೈ ಹಿಡಿದುಕೊಂಡು ಬಾಯಲ್ಲಿ ವೆಂಕಟರಮಣನ ಹೆಸರು ಹೇಳುತ್ತಿದ್ದರು. ಸೋಮವಾರ ಮತ್ತು ಶನಿವಾರ ಅವರಿಗೆ ಉಪವಾಸ. ಸಂಜೆ ದೀಪ ಹಚ್ಚಿ ಪೂಜೆ ಮುಗಿಯುವ ತನಕ ಗುಟುಕು ನೀರೂ ಇಲ್ಲ. ನಾನೂ ಉಪವಾಸ ಮಾಡುತ್ತೇನೆ, ಆದರೆ ಕಾಫಿ ಕುಡಿಯುತ್ತೇನೆ. ಅವರದು ಹಾಗಲ್ಲ.

ಪರೀಕ್ಷೆ ಮಾಡುವ ಹುಡುಗಿಯ ಹೆಸರು ಶೈಲಾ, ಕರಿಕೆ ಎಂಬ ಊರಿನವಳು. ಅತ್ತೆಯ ಕಣ್ಣಿಗೆ ಪಾಪೆ ಹಿಗ್ಗುವ ಔಷಧವನ್ನು ಮೂರು ಸಲ ಹಾಕಿದಳು. ಹಾಕಿದಾಗಲೆಲ್ಲ ಅತ್ತೆ ಕರ್ಚೀಫನ್ನು ಬಾಯಿಗಿಟ್ಟು ಉಗುಳುತ್ತಿದ್ದರು. ಬಸ್ಸಿನಲ್ಲಿ ಬಂದದ್ದಕ್ಕೆ ಹೊಟ್ಟೆ ತೊಳಸುತ್ತಿದೆಯೇನೋ ಎಂದುಕೊಂಡೆ. ಆಮೇಲೆ ನಮ್ಮಿಬ್ಬರನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ಕಿಟಕಿಗೆ ಕರಿ ಬಟ್ಟೆ ಹೊಡೆದು, ಬಾಗಿಲ ಸಂದಿಗೂ ಪಟ್ಟಿ ಅಂಟಿಸಿದ್ದರು.

“ಇಪ್ಪತ್ತು ನಿಮಿಷ ಕತ್ತಲೆಯಲ್ಲಿ ಕೂರಬೇಕು ಅಜ್ಜಿ. ಕಣ್ಣಿಗೆ ಕತ್ತಲೆ ಒಗ್ಗಬೇಕು. ಹೆದರಬೇಡಿ, ಆಂಟಿ ಇರ್ತಾರೆ.”

“ನಂಗೇನ್ ಹೆದ್ರಿಕೆ ಮಗ,” ಎಂದರು ಅತ್ತೆ. “ಅರ್ಧ ಕತ್ತಲೆ ನಾನೇ ಹೊತ್ಕೊಂಡು ತಿರುಗ್ತೀನಿ.”

ಶೈಲಾ ನಕ್ಕು ದೀಪ ಆರಿಸಿ ಬಾಗಿಲು ಎಳೆದುಕೊಂಡು ಹೋದಳು.

ನಡು ಹಗಲಿನಲ್ಲಿ ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕೈ ಮುಖದ ಮುಂದೆ ತಂದರೂ ಕಾಣಿಸಲಿಲ್ಲ. ಹೊರಗೆ ಟೋಕನ್ ಕೂಗುವ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. ಮೊದಲು ನನಗೇ ಉಸಿರು ಕಟ್ಟಿದಂತಾಯಿತು. ಅತ್ತೆ ಮಾತ್ರ ಹಗುರಾದರು. ಕಣ್ಣಿದ್ದವರೂ ಇಲ್ಲದವರೂ ಅಲ್ಲಿ ಒಂದೇ ಆಗಿದ್ದಕ್ಕೋ ಏನೋ, ಹಳೆಯ ಮಾತು ತೆಗೆದರು.

ಕಾರ್ಖಾನೆಯ ಮಾತು. ಮಳೆಗಾಲದ ಸಂಜೆ ಕರೆಂಟ್ ಹೋದರೆ ಆ ದೊಡ್ಡ ಶೆಡ್ಡು ಹೀಗೇ ಕಪ್ಪಾಗುತ್ತಿತ್ತಂತೆ. ಹೆಂಗಸರೆಲ್ಲ ಕೈ ಕಟ್ಟಿ ಕೂರುವುದು, ಯಾರೋ ಒಬ್ಬಳು ಪದ ಶುರು ಮಾಡುವುದು, ಇನ್ನೊಬ್ಬಳು ಪಕ್ಕದವಳನ್ನು ಚಿವುಟಿ ‘ದೆವ್ವ’ ಎಂದು ಕಿರುಚುವುದು. ಆಮೇಲೆ ಮೇಸ್ತ್ರಿ ಲಾಟೀನು ಹಿಡಿದು ಬರುತ್ತಿದ್ದರು. ಒಬ್ಬೊಬ್ಬರ ತಟ್ಟೆಯ ಮುಂದೂ ನಿಂತು, ಲಾಟೀನು ಬಗ್ಗಿಸಿ, ಆರಿಸಿದ ಬೀಜದಲ್ಲಿ ಕರಿ ಉಳಿದಿದೆಯೇ ಎಂದು ನೋಡುವುದು. ದೀಪ ತನ್ನ ಮುಂದೆ ಬಂದಾಗ ಪ್ರತಿಯೊಬ್ಬಳೂ ಎರಡು ಕೈಯನ್ನೂ ತಟ್ಟೆಯಿಂದ ಎತ್ತಿ ಅಗಲಿಸಿ ಹಿಡಿಯಬೇಕು, ನೆರಳು ಬೀಳಬಾರದು, ಕೈಯಲ್ಲಿ ಏನೂ ಅಡಗಿಸಿಲ್ಲ ಎಂದು ಕಾಣಬೇಕು.

“ಒಂದಿನವೂ ನನ್ನ ತಟ್ಟೆಲಿ ಕರಿ ಸಿಕ್ಕಿಲ್ಲ ಕಣವ್ವ,” ಎಂದರು. ಹೇಳಿ ಮತ್ತೆ ಉಗುಳಿದ ಸದ್ದಾಯಿತು.

“ಯಾಕತ್ತೆ, ಹೊಟ್ಟೆ ತೊಳಸ್ತಾ ಇದೆಯಾ?”

“ಇಲ್ಲ. ಕಹಿ. ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳೀತದೆ. ಇವತ್ತು ಶನಿವಾರ ಅಲ್ವಾ.”

ನನಗೆ ಆಗ ಹೊಳೆಯಿತು. “ಮತ್ತೆ ಮನೇಲಿ ಶನಿವಾರ ಏನ್ ಮಾಡ್ತೀರಿ?”

“ಮನೇಲಿ ಹಾಕ್ಕೊಂಡ್ರೆ ತಾನೆ.”

“ಸೋಮವಾರ?”

“ಸೋಮವಾರಾನೂ ಇಲ್ಲ. ಶ್ರಾವಣದಲ್ಲಿ, ಕಾರ್ತೀಕದಲ್ಲಿ ಇನ್ನೊಂದಿಷ್ಟು ದಿನ.”

“ನಾನು ಹಾಕ್ತೀನಿ ಅಂದಾಗ ‘ನಾನೇ ಹಾಕ್ಕೊಂಡೆ’ ಅಂತಿದ್ರಲ್ಲ ಅತ್ತೆ.”

“ಸುಳ್ಳು ಹೇಳ್ದೆ. ಸುಳ್ಳು ಹೇಳಿದ್ರೆ ಉಪಾಸ ಕೆಡಕಿಲ್ಲ, ನುಂಗಿದ್ರೆ ಕೆಡ್ತದೆ.”

ಕತ್ತಲೆ ಇದ್ದದ್ದು ಒಳ್ಳೆಯದಾಯಿತು, ನನ್ನ ಮುಖ ಅವರಿಗೆ ಕಾಣಲಿಲ್ಲ. ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟು ಇಳಿಯುತ್ತಿದ್ದ ಹಾಗೆ ಬೇರೊಂದು ನೆನಪಾಯಿತು. ಒಂದು ತಿಂಗಳಿಗೆ ಮುಗಿಯಬೇಕಾದ ಔಷಧದ ಬಾಟಲಿ ನಮ್ಮ ಮನೆಯಲ್ಲಿ ಇನ್ನೂ ಒಂದು ವಾರ, ಹತ್ತು ದಿನ ಬರುತ್ತಿತ್ತು. ಅದನ್ನು ನಾನು ಗಮನಿಸಿದ್ದೆ. ಗಮನಿಸಿ, ದೇವರ ಮುಂದೆ ನಿಂತು, ‘ಇದೂ ನಿನ್ನ ದಯೆ ತಂದೆ’ ಎಂದು ಕೈ ಮುಗಿದಿದ್ದೆ. ದಿನಾ ರಾತ್ರಿ ಮಲಗುವಾಗ ಅವತ್ತಿನ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಗ್ಯಾಸ್ ಮುಗಿಯುವ ದಿನವೇ ಸಿಲಿಂಡರ್ ಬಂದದ್ದು, ಮಳೆ ಬರುವ ಮೊದಲು ಬಟ್ಟೆ ಒಣಗಿದ್ದು, ಹೀಗೆ. ಆ ಪಟ್ಟಿಯಲ್ಲಿ ಬಾಟಲಿಯನ್ನೂ ಸೇರಿಸಿದ್ದೆ. ಅತ್ತೆಯ ಕಣ್ಣು ಹನಿ ಹನಿಯಾಗಿ ಹೋಗುತ್ತಿದ್ದದ್ದನ್ನು ನಾನು ದೇವರ ಲೆಕ್ಕಕ್ಕೆ ಹಾಕಿದ್ದೆ. ನಾನೂ ಉಪವಾಸ ಮಾಡುವವಳು, ಕಣ್ಣಿನ ಔಷಧ ಗಂಟಲಿಗೆ ಬರುತ್ತದೆಂದು ನನಗೆ ತಿಳಿಯದ್ದೇನಲ್ಲ. ಕೇಳಬೇಕಿತ್ತು, ಕೇಳಲಿಲ್ಲ.

“ಡಾಕ್ಟ್ರಮ್ಮಂಗೆ ಹೇಳ್ಬೇಡ ಕಣವ್ವ,” ಎಂದರು ಅತ್ತೆ. “ಬೈತಾರೆ. ಆಮೇಲೆ ಆಪರೇಸನ್ನೇ ಮಾಡಿ ಅಂತಾರೆ.”

ನಾನು ಕತ್ತಲಲ್ಲೇ ತಡಕಿ, ಒದ್ದೆಯಾದ ಅವರ ಕರ್ಚೀಫು ತೆಗೆದುಕೊಂಡು ನನ್ನದನ್ನು ಕೊಟ್ಟೆ.

ಶೈಲಾ ಒಳಗೆ ಬಂದು ಮಸುಕಾದ ಒಂದು ಕೆಂಪು ದೀಪ ಹಾಕಿದಳು. ಬೀಡಿಯ ತುದಿಯಷ್ಟು ಬೆಳಕು. ಅದರಲ್ಲೇ ಅತ್ತೆಯ ಹಣೆಗೆ, ಎರಡು ಕಣ್ಣಿನ ಪಕ್ಕಕ್ಕೆ ಸಣ್ಣ ಬಿಲ್ಲೆಗಳನ್ನು ಅಂಟಿಸಿದಳು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕೆಳರೆಪ್ಪೆಯ ಒಳಗೆ ಕೂದಲಿಗಿಂತ ಸಣ್ಣ ದಾರವೊಂದನ್ನು ಇಳಿಬಿಟ್ಟಳು. ಅದರ ಮೂಲಕವೇ ಕಣ್ಣಿನ ಕರೆಂಟ್ ಯಂತ್ರಕ್ಕೆ ಹೋಗುವುದಂತೆ. ಮುಂದೆ ದೊಡ್ಡದೊಂದು ಬಿಳಿ ಪಾತ್ರೆಯನ್ನು ಅಡ್ಡ ನಿಲ್ಲಿಸಿದ ಹಾಗೆ ಇತ್ತು. ಅತ್ತೆ ಗದ್ದವಿಟ್ಟು ಅದರೊಳಗೆ ಮುಖ ಹಾಕಿ ಕೂತರು. ಬೆಳಕು ಮಿಂಚುವುದು ಆ ಪಾತ್ರೆಯೊಳಗೇ. ಶೈಲಾಳ ಮುಂದಿನ ಪರದೆಯ ಮೇಲೆ ಎರಡು ಗೆರೆ ಹರಿಯುತ್ತಿದ್ದವು. ಮೇಲಿನದು ಬಲಗಣ್ಣು, ಕೆಳಗಿನದು ಎಡಗಣ್ಣು ಎಂದು ತೋರಿಸಿದಳು. ಎರಡೂ ನಿಂತ ಕೆರೆಯ ನೀರಿನ ಹಾಗೆ ಮಲಗಿದ್ದವು.

“ದಾರ ಹಾಕುವಾಗ ಕೆಂಪು ಬೆಳಕು ಬಿತ್ತಲ್ಲ, ಇನ್ನೊಂದು ಐದು ನಿಮಿಷ ಬಿಡಬೇಕು. ಆಮೇಲೆ ಶುರು ಮಾಡುವ,” ಎಂದಳು. ಕೆಂಪು ದೀಪವನ್ನೂ ಆರಿಸಿದಳು. ಪರದೆಗೆ ಹೊದಿಸಿದ್ದ ಕೆಂಪು ಹಾಳೆಯ ಹಿಂದೆ ಆ ಎರಡು ಗೆರೆ ಮಾತ್ರ ಕಾಣುತ್ತಿದ್ದವು.

ಒಂದೆರಡು ನಿಮಿಷ ಆಗಿರಬಹುದು. ಅತ್ತೆ ಪಾತ್ರೆಯೊಳಗಿಂದ, ತುಂಬ ಸಹಜವಾಗಿ, “ಮೇಸ್ತ್ರಿ ಬಂದ್ರು,” ಎಂದರು.

“ಅಜ್ಜಿ, ಮಾತಾಡಬೇಡಿ, ಗೆರೆ ಅಲುಗ್ತದೆ,” ಎಂದಳು ಶೈಲಾ.

“ಲಾಭ,” ಎಂದರು ಅತ್ತೆ.

ನಮ್ಮ ಕಡೆ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತೇವೆ. ಅವರು ಲಾಭ ಎಂದಾಗ ನಾನು ಪರದೆಯನ್ನೇ ನೋಡುತ್ತಿದ್ದೆ. ಕೆಳಗಿನ ಗೆರೆ ಒಮ್ಮೆ ತಗ್ಗಿ, ಗೋಪುರದ ಹಾಗೆ ಎದ್ದು, ಮತ್ತೆ ಮಲಗಿತು. ಮೇಲಿನ ಗೆರೆ ಅಲುಗಲಿಲ್ಲ.

ನಾಲ್ಕು ಹೆಜ್ಜೆ ನಡೆದು ನಿಲ್ಲುವಷ್ಟು ಹೊತ್ತು ಕಳೆಯಿತು. “ಎರಡು,” ಎಂದರು. ಕೆಳಗಿನ ಗೆರೆ ಎದ್ದಿತು.

“ನಾನು ಎಂಥ ಒತ್ತಲಿಲ್ಲ ಆಂಟಿ,” ಎಂದಳು ಶೈಲಾ ಪಿಸುದನಿಯಲ್ಲಿ. ಅವಳ ಎರಡು ಕೈಯೂ ಮಡಿಲಲ್ಲಿದ್ದವು. ಪಾತ್ರೆಯೊಳಗೆ ಬೆಳಕು ಮಿಂಚಿದ್ದರೆ ಅತ್ತೆಯ ತಲೆಯ ಸುತ್ತ ಇಡೀ ಕೋಣೆಗೆ ಕಾಣಬೇಕು. ಏನೂ ಇರಲಿಲ್ಲ.

“ಮೂರು.” ಗೆರೆ ಎದ್ದಿತು. ಶೈಲಾ ಕೈ ಚಾಚಿ ಬೆಳಕಿನ ತಂತಿಯನ್ನು ಯಂತ್ರದಿಂದ ಎಳೆದು ತೆಗೆದಳು. ಆ ಸದ್ದು ನನಗೆ ಕೇಳಿಸಿತು.

“ನಾಲ್ಕು.” ಆಗಲೂ ಎದ್ದಿತು.

ಆಮೇಲೆ ಅತ್ತೆ ಐದು ಎನ್ನಲಿಲ್ಲ. “ನನ್ ತಾವ ನಿಂತೈತೆ,” ಎಂದರು. ಗೆರೆ ಐದನೆಯ ಸಲ ಎದ್ದಿತು, ಹಿಂದಿನ ನಾಲ್ಕಕ್ಕಿಂತ ಎತ್ತರ. ಪರದೆಯ ಕೆಂಪು ಮಸುಕಿನಲ್ಲಿ ನಾನು ಅವರ ಕೈ ನೋಡಿದೆ. ಎರಡು ಕೈಯನ್ನೂ ಮಡಿಲಿಂದ ಎತ್ತಿ, ಅಂಗೈ ಮೇಲಾಗಿ, ಅಗಲಿಸಿ ಹಿಡಿದಿದ್ದರು. ಹಾಗೆ ಎಷ್ಟು ಹೊತ್ತು ಹಿಡಿದರೋ ಹೇಳಲಾರೆ. ಯಾರೋ ಬಂದರು, ನಿಂತರು ಅಂತ ನನಗೆ ಅನಿಸಲಿಲ್ಲ. ಗಾಳಿ ಬೀಸಲಿಲ್ಲ, ವಾಸನೆ ಬರಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಗೆರೆಯನ್ನೂ ಆ ಕೈಯನ್ನೂ ನೋಡಿದೆ, ಅಷ್ಟೇ.

ಆಮೇಲೆ ಕೈ ಇಳಿಸಿ, “ಹೋಯ್ತು. ಶುರು ಮಾಡು ಮಗ,” ಎಂದರು.

ಶೈಲಾ ಕೆಂಪು ದೀಪ ಹಾಕಿ ದಾರ, ಬಿಲ್ಲೆ, ತಂತಿ ಎಲ್ಲ ನೋಡಿದಳು. ಎಲ್ಲವೂ ಸರಿಯಾಗಿಯೇ ಇತ್ತು. ಮತ್ತೆ ಕತ್ತಲೆ ಮಾಡಿ ಕಾದು, ನಿಜವಾದ ಪರೀಕ್ಷೆ ಶುರು ಮಾಡಿದಳು. ಈಗ ಮಿಂಚು ನನಗೂ ಕಾಣುತ್ತಿತ್ತು. ಎರಡೂ ಗೆರೆ ಎದ್ದು ಎದ್ದು ಬಿದ್ದವು. ಕೊನೆಗೆ ಅವಳಾಗಿಯೇ ಅತ್ತೆಯ ಬಲಗಣ್ಣಿಗೆ ಕರಿ ಪಟ್ಟಿ ಕಟ್ಟಿ, ಎಡಗಣ್ಣಿಗೆ ಮಾತ್ರ ಬೆಳಕು ಬಿಟ್ಟಳು. ನಾಲ್ಕು ಸಲ ಪಾತ್ರೆ ಬೆಳಗಿತು, ನಾಲ್ಕು ಸಲ ಕೆಳಗಿನ ಗೆರೆ ಎದ್ದಿತು.

“ಕಾಣ್ತಾ ಅಜ್ಜಿ?”

“ಇನ್ನೂ ಹಾಕೇ ಇಲ್ವಲ್ಲ ಮಗ. ಯಾವಾಗ ಹಾಕ್ತೀಯ?”

ಶೈಲಾ ನನ್ನ ಮುಖ ನೋಡಿದಳು.

ಡಾಕ್ಟರಮ್ಮ ಪರೀಕ್ಷೆಯ ಹಾಳೆ ಹಿಡಿದು ನಮಗೆ ತಿಳಿಯುವ ಹಾಗೆ ಹೇಳಿದರು. ಎಡಗಣ್ಣಿನ ಪರದೆ ಇನ್ನೂ ಬೆಳಕಿಗೆ ಉತ್ತರ ಕೊಡುತ್ತಿದೆ, ಆದರೆ ಆ ಉತ್ತರವನ್ನು ಒಳಗೆ ಕಳಿಸುವ ನರ ಒಣಗಿದೆ. ಕಣ್ಣು ದಿನಾ ಬೆಳಕನ್ನು ಕಾಣುತ್ತದೆ, ಅಜ್ಜಿಗೆ ಸುದ್ದಿ ಮುಟ್ಟುವುದಿಲ್ಲ. ಗ್ಲಾಕೋಮಾದಲ್ಲಿ ಹೀಗೇ. ದೊಡ್ಡ ಅಲೆಯ ಹಿಂದೆ ಬರುವ ಸಣ್ಣದೊಂದು ತಗ್ಗು ಇರುತ್ತದೆ, ನರದ ಜೀವ ತೋರಿಸುವುದು ಅದು. ಎಡಗಣ್ಣಿನಲ್ಲಿ ಅದು ಇಲ್ಲ. ಬಲಗಣ್ಣಿನಲ್ಲಿ ಕಮ್ಮಿಯಾಗಿದೆ, ಆದರೆ ಇದೆ. ಉಳಿಸಿಕೊಳ್ಳಬಹುದು. ಆದರೆ ಔಷಧ ಹಾಕಿಯೂ ಯಾಕೆ ಸವೆಯುತ್ತಿದೆ ಎಂಬುದೇ ತಿಳಿಯುತ್ತಿಲ್ಲ, ಆಪರೇಷನ್ ಬಿಟ್ಟು ದಾರಿಯಿಲ್ಲವೇನೋ ಎಂದರು.

ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮುಂದಕ್ಕೆ ಬಾಗಿದರು.

“ಡಾಕ್ಟ್ರಮ್ಮ, ನಾನು ಕಳ್ತನ ಮಾಡಿವ್ನಿ. ವಾರಕ್ಕೆ ಎರಡು ದಿನ ಔಷ್ದ ಹಾಕಿಲ್ಲ. ಉಪಾಸ ಕೆಡ್ತದೆ ಅಂತ.”

ಆಗಷ್ಟೇ ಕತ್ತಲೆ ಕೋಣೆಯಲ್ಲಿ ಹೇಳಬೇಡ ಎಂದವರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಅವರು ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ, “ಗುರುವಾರ, ಗುರುವಾರ, ಗುರುವಾರ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಂಗಳವಾರದಿಂದ ಹಾಕಿಕೊಂಡು ಗುರುವಾರ ಬಂದರೆ ಒತ್ತಡ ಸರಿಯಾಗಿಯೇ ಇರುತ್ತದಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಬಂದು ಅತ್ತೆಯ ಎದುರು ಕೂತು, ಅವರ ತೋರುಬೆರಳನ್ನು ಹಿಡಿದು ಕಣ್ಣು ಮೂಗು ಕೂಡುವ ಮೂಲೆಗೆ ಇಟ್ಟರು. “ಇಲ್ಲಿ ಕೆರೆಗೆ ಇದ್ದ ಹಾಗೆ ಒಂದು ತೂಬು ಇದೆ ಅಜ್ಜಿ. ಔಷಧ ಗಂಟಲಿಗೆ ಇಳಿಯೋದು ಇದರಿಂದ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಎರಡು ನಿಮಿಷ ಇದನ್ನ ಒತ್ತಿ ಹಿಡಿರಿ. ಔಷಧ ಕಣ್ಣಲ್ಲೇ ಉಳಿಯುತ್ತೆ. ಕಣ್ಣಿಗೂ ಒಳ್ಳೇದು, ನಿಮ್ಮ ಉಪವಾಸಕ್ಕೂ ಒಳ್ಳೇದು. ಮೂರು ತಿಂಗಳು ಒಂದು ಹೊತ್ತೂ ಬಿಡಬೇಡಿ. ಆಪರೇಷನ್ ಮಾತು ಆಮೇಲೆ.”

ಹೊರಡುವಾಗ ಆ ಗೆರೆಯ ವಿಷಯ ಕೇಳಿದೆ. ಅಜ್ಜಿ ರೆಪ್ಪೆ ಬಡಿದಿರಬೇಕು, ಕಣ್ಣು ಹೊರಳಿಸಿರಬೇಕು, ಆಗ ಹಾಗೆ ಗೆರೆ ಏಳುವುದುಂಟು ಎಂದರು ಡಾಕ್ಟರಮ್ಮ. “ರೆಪ್ಪೆ ಬಡಿದರೆ ಎರಡೂ ಗೆರೆ ಏಳ್ತದಲ್ಲ ಮೇಡಂ,” ಎಂದಳು ಪಕ್ಕದಲ್ಲೇ ನಿಂತಿದ್ದ ಶೈಲಾ. “ದಾರ ಸಡಿಲ ಇತ್ತೇನೋ,” ಎಂದರು ಅವರು. “ನೋಡಿದ್ದೆ ಮೇಡಂ, ಇರಲಿಲ್ಲ.” “ರೆಕಾರ್ಡ್ ಇದೆಯಾ?” ಶುರು ಮಾಡದೆ ಇದ್ದದ್ದರಿಂದ ರೆಕಾರ್ಡ್ ಒತ್ತಿರಲಿಲ್ಲ. ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆಯಿರಿ ಎಂದರು. ಅವರ ತಪ್ಪಿಲ್ಲ, ಹೊರಗೆ ಬೆಂಚು ತುಂಬಿತ್ತು.

ಸಂಜೆ ನಮ್ಮನೆಯವರಿಗೆ ಹೇಳಿದೆ. “ಅರ್ಥಿಂಗ್ ಸರಿ ಇರಲ್ಲ. ಅರ್ಥಿಂಗ್ ಇಲ್ದಿದ್ರೆ ಯಾವ ಗೆರೆ ಬೇಕಾದ್ರೂ ಕುಣಿಯುತ್ತೆ,” ಎಂದರು.

“ಅರ್ಥಿಂಗಿಗೆ ಎಣಿಸೋಕೆ ಬರುತ್ತಾ?” ಎಂದೆ.

ಅವರು ಟಿವಿ ಹಾಕಿದರು.

ಅತ್ತೆಯನ್ನೇ ಕೇಳಿದೆ, ಬಂದವರು ಹಳೆಯ ಮೇಸ್ತ್ರಿಯೇ ಹೌದಾ, ಮುಖ ಕಂಡಿತಾ ಎಂದು. “ದೀಪ ಹಿಡ್ಕೊಂಡು ಬರೋರ ಮುಖ ಎಲ್ಲವ್ವ ಕಾಣ್ತದೆ? ದೀಪ ಕಾಣ್ತದೆ,” ಎಂದರು. ಏನಾದರೂ ಹೇಳಿದರಾ ಎಂದರೆ, “ಮೇಸ್ತ್ರಿ ಯಾಕೆ ಹೇಳ್ತಾರೆ? ನೋಡ್ತಾರೆ,” ಎಂದರು. ಅದಾದ ಮೇಲೆ ಎಷ್ಟು ಸಲ ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅದರಲ್ಲಿ ಹೇಳುವಂಥದ್ದು ಏನೋ ಇದೆ ಎಂದೇ ಅವರಿಗೆ ಅನಿಸಿದಂತಿರಲಿಲ್ಲ.

ಆಪರೇಷನ್ ಬೇಕಾಗಲಿಲ್ಲ. ಅತ್ತೆ ಇನ್ನೂ ಆರು ವರ್ಷ ಬದುಕಿದ್ದರು. ಬಲಗಣ್ಣಿನ ಆ ನಡುಮಧ್ಯದ ಚೂರು ಕೊನೆಯ ತನಕ ಉಳಿಯಿತು. ಮಂಗಳಾರತಿಯ ತಟ್ಟೆಗೆ ನೇರ ಕೈ ಚಾಚುತ್ತಿದ್ದರು. ನಾನು ಉಟ್ಟ ಸೀರೆಯ ಅಂಚು ಕಂಡು, ಈ ಬಣ್ಣ ನಿನಗೆ ಒಪ್ಪಲ್ಲ ಎನ್ನುತ್ತಿದ್ದರು. ಅಷ್ಟು ಸಾಕಿತ್ತು ನಮಗೆ. ಅವರು ಹೋದ ಮೇಲೆ ಒಮ್ಮೆ ಮಡಿಕೇರಿ ಬಸ್ ನಿಲ್ದಾಣದಲ್ಲಿ ಶೈಲಾ ಸಿಕ್ಕಿದ್ದಳು, ಸೊಂಟದಲ್ಲಿ ಮಗು. ನಾನು ಕೇಳುವ ಮೊದಲು ಅವಳೇ ಕೇಳಿದಳು. “ಆ ಗೆರೆ ನೆನಪುಂಟಾ ಆಂಟಿ? ಆಮೇಲೆ ಎಷ್ಟು ಜನಕ್ಕೆ ಮಾಡಿದ್ದೇನೆ. ಹಾಗೆ ಬರ್ಲೇ ಇಲ್ಲ.” ಅವಳ ಬಸ್ಸು ಬಂತು.

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಕಣ್ಣಿಗೆ ಬೆಳಕು ಬಿಟ್ಟಾಗ ಕಾಣಲಿಲ್ಲ, ಬಿಡದೆ ಇದ್ದಾಗ ಕಂಡಿತು. ನೆನಪೇ ಬೆಳಕಾಯಿತು ಎಂದರೆ, ನೆನಪು ನರ ಒಣಗಿದ ಕಣ್ಣಿನ ಪರದೆಗೆ ಹಿಂದಕ್ಕೆ ಹೋಗುವುದು ಹೇಗೆ? ದೇವರು ಎಂದು ಹೇಳಿಬಿಡಬಹುದು. ಆದರೆ ಬಾಟಲಿಯ ವಿಷಯದಲ್ಲಿ ದೇವರ ಹೆಸರು ಒಮ್ಮೆ ತಪ್ಪಾಗಿ ತೆಗೆದುಕೊಂಡವಳು ನಾನು. ಅದಕ್ಕೇ ಹೇಳಲು ಹಿಂಜರಿಕೆ. ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಆ ಶನಿವಾರ ಕಳೆದು ಸೋಮವಾರ ಬಂತು. ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ದೇವರ ಗೂಡಿನ ಮುಂದೆ ಮಣೆಯ ಮೇಲೆ ಕೂತರು. ನಾನು ಔಷಧದ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಕರೆಯಲು ಧೈರ್ಯ ಬರಲಿಲ್ಲ. ಅವರಾಗಿಯೇ ತಲೆ ಹಿಂದಕ್ಕೆ ಬಾಗಿಸಿ, “ಬಾ, ಹಾಕು,” ಎಂದರು. ಬಲಗಣ್ಣಿಗೆ ಒಂದು ಹನಿ, ಎಡಗಣ್ಣಿಗೆ ಒಂದು ಹನಿ ಹಾಕಿದೆ. ಎಡಗಣ್ಣಿಗೆ ಹಾಕುವಾಗ ನನ್ನ ಕೈ ಒಂದು ಕ್ಷಣ ತಡೆಯಿತು.

ಅವರು ಕಣ್ಣು ಮುಚ್ಚಿ, ಎರಡು ತೋರುಬೆರಳನ್ನೂ ಮೂಗಿನ ಎರಡು ಪಕ್ಕಕ್ಕೆ ಒತ್ತಿ ಹಿಡಿದು ಕೂತರು. ತುಟಿ ಅಲುಗುತ್ತಿತ್ತು, ಶಿವನಾಮವೋ ಎಣಿಕೆಯೋ ತಿಳಿಯಲಿಲ್ಲ. ನಾನು ಗೋಡೆ ಗಡಿಯಾರ ನೋಡುತ್ತಾ ನಿಂತೆ. ಎರಡು ನಿಮಿಷವೆಂದರೆ ಎಷ್ಟು ಉದ್ದವೆಂದು ಅವತ್ತು ಗೊತ್ತಾಯಿತು. ಬೆರಳು ತೆಗೆದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿಕೊಂಡರು.

“ಕಹಿ ಬರ್ಲಿಲ್ಲ,” ಎಂದರು.

ನಮ್ಮನೆಯವರು ಅಂಗಡಿಗೆ ಹೊರಡುವ ಹೊತ್ತಾಗಿತ್ತು. ನಾನು ಡಬ್ಬಿಗೆ ಅಕ್ಕಿರೊಟ್ಟಿ ತಟ್ಟಲು ಅಡುಗೆಮನೆಗೆ ಹೋದೆ.